ಹದಿನಾರು ಎಲೆಯ ಸ್ವಿಚ್ಚು

ನಮ್ಮ ಭಾವನವರನ್ನು ಅಂಗಡಿಗೆ ಕಳಿಸಿದರೆ ಸಾಮಾನು ಬರುತ್ತದೋ ಇಲ್ಲವೋ ಹೇಳಲಾಗದು, ಅಂಗಡಿಯವನಂತೂ ಊಟಕ್ಕೆ ಬರುತ್ತಾನೆ! ಇಂಥವರ ಕೈಗೆ ಮನೆಗೆ ಕ್ಯಾಮೆರಾ ಹಾಕಿಸುವ ಕೆಲಸ ಒಪ್ಪಿಸಿದ ದಿನ ನನ್ನ ಕಣ್ಮುಂದೆ ಬಂದ ಅನಾಹುತಗಳನ್ನು ಒಮ್ಮೆ ಕೇಳಿ. ಭಾವನವರು ಏಣಿಯಿಂದ ಬೀಳಬಹುದು. ಏಣಿಯೇ ಭಾವನವರ ಮೇಲೆ ಬೀಳಬಹುದು. ಗೋಡೆ ಕೊರೆಯುವವನು ನೀರಿನ ಪೈಪಿಗೇ ತೂತು ಹಾಕಿ, ವಾರಕ್ಕೊಮ್ಮೆ ಬರುವ ಕಾವೇರಿ ನಮ್ಮ ನಡುಮನೆಯಲ್ಲಿ ಹರಿಯಬಹುದು. ತಂತಿ ಸುಟ್ಟು ಮನೆಗೆ ಬೆಂಕಿ ಹತ್ತಬಹುದು. ಬೇರೆ ದೇಶದ ಯಾವನೋ ಕಿಡಿಗೇಡಿ ಕ್ಯಾಮೆರಾದೊಳಗೆ ನುಸುಳಿ, ನಾನು ನೈಟಿಯ ಮೇಲೊಂದು ಟವೆಲ್ ಹೊದ್ದು ರಂಗೋಲಿ ಹಾಕುವುದನ್ನು ಜಗತ್ತಿಗೆಲ್ಲ ತೋರಿಸಬಹುದು. ಇದೆಲ್ಲ ಏನೂ ಆಗದೆ ಕೆಲಸ ಸುಸೂತ್ರವಾಗಿ ಮುಗಿದರೆ, ಕಳ್ಳ ಬಂದು ಕ್ಯಾಮೆರಾಗಳನ್ನೇ ಕದ್ದೊಯ್ಯಬಹುದು!

ಅತಿಯಾಯಿತು ಅನ್ನುತ್ತೀರಾ? ನಾನು ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದವಳು. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಸಂಜೆ ಬಾಗಲಗುಂಟೆಯ ಮನೆಗೆ ಬಂದ ಮೇಲೂ ಅದೇ ಕೆಲಸವನ್ನು ಪುಕ್ಕಟೆಯಾಗಿ ಮುಂದುವರಿಸುತ್ತೇನೆ.

ಭಾವನವರೆಂದರೆ ನನ್ನ ಅಕ್ಕನ ಗಂಡ. ದಾವಣಗೆರೆ ಕಡೆಯ ಒಂದು ಮಠದಲ್ಲಿ ಆಯುಷ್ಯವಿಡೀ ದಾಸೋಹದ ಉಸ್ತುವಾರಿ ನೋಡಿಕೊಂಡವರು. ಬಂದವರಿಗೆಲ್ಲ ಅನ್ನ ಬಡಿಸಿ ಬಡಿಸಿ, ಇಡೀ ಲೋಕವೇ ಅವರಿಗೊಂದು ಊಟದ ಪಂಕ್ತಿಯಾಗಿಬಿಟ್ಟಿದೆ. ಮೊದಲ ಸಲ ಮೆಟ್ರೋ ಹತ್ತಿಸಿದಾಗ ಸುತ್ತ ಕಣ್ಣಾಡಿಸಿ, “ಎದುರಾಬದುರು ಎರಡು ಪಂಕ್ತಿ ಕುಂದ್ರಿಸ್ಯಾರ, ನಡುವ ಬಡಿಸಾಕ ದಾರಿನೂ ಬಿಟ್ಟಾರ. ಬಡಿಸೋರ ಎಲ್ಲಿ ಹೋದ್ರವ್ವಾ?” ಎಂದು ಗಟ್ಟಿಯಾಗಿ ಕೇಳಿದ್ದರು. ಇಡೀ ಬೋಗಿ ಮೊಬೈಲಿನಿಂದ ತಲೆ ಎತ್ತಿತು! ಅಂಥ ಪವಾಡ ಇನ್ಯಾರಿಂದ ಸಾಧ್ಯ?

ಅಕ್ಕ ಹೋದ ವರ್ಷ ತೀರಿಕೊಂಡಳು. ಮಕ್ಕಳಿಲ್ಲ. ನಾವೇ ಹೋಗಿ ಭಾವನವರನ್ನು ಕರೆತಂದೆವು. ನನ್ನ ನಿಜವಾದ ಚಿಂತೆ ಶುರುವಾದದ್ದು ಅಲ್ಲಿಂದ. ನಾನೂ ನಮ್ಮ ಮನೆಯವರೂ ಬೆಳಿಗ್ಗೆಯೇ ಕೆಲಸಕ್ಕೆ ಹೊರಡುವವರು. ರೊಟ್ಟಿ, ಪಲ್ಯ, ಅನ್ನ, ಸಾರು ಎಲ್ಲ ಮಾಡಿ ಮೇಜಿನ ಮೇಲೆ ಮುಚ್ಚಿಟ್ಟು ಹೋಗುತ್ತೇನೆ. ಸಂಜೆ ಬಂದರೆ ಪಾತ್ರೆಗಳು ತೊಳೆದು ಬೋರಲು ಹಾಕಿರುತ್ತವೆ. ಆದರೆ ತಿಂದವರು ಯಾರು? ಕಸದ ಆಟೋದವನೋ, ಗ್ಯಾಸ್ ತಂದವನೋ, ಬೀದಿಯ ಕರಿನಾಯಿಯೋ? ರಾತ್ರಿಯಾದರೂ ನೋಡೋಣವೆಂದರೆ ನಮಗೆ ಬಡಿಸುತ್ತಲೇ ಓಡಾಡಿ, ನಾವು ಕೈ ತೊಳೆಯುವಷ್ಟರಲ್ಲಿ “ನಂದೂ ಆತು” ಎನ್ನುತ್ತಿದ್ದರು. ಪಾತ್ರೆ ದಿನವೂ ಖಾಲಿ. ಅಂಗಿಯೊಳಗೆ ಭಾವನವರು ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿದ್ದರು. ಕೇಳಿದರೆ “ನಾ ಉಣ್ಣದ ಇರ್ತೀನೇನವ್ವಾ?” ಎಂದು ನಗು. ಪ್ರಶ್ನೆಗೆ ಪ್ರಶ್ನೆಯನ್ನೇ ಬಡಿಸಿದರೆ ಏನು ಮಾಡುವುದು?

ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಒಂದು ಬೈಕು ಕಳುವಾಯಿತು. ಪಾಪ ಬೈಕಿನವರು ಅಳುತ್ತಿದ್ದರೆ ನನಗೆ ನೆಪ ಸಿಕ್ಕಿದ ಖುಷಿ! ಗೇಟಿಗೊಂದು, ಮೆಟ್ಟಿಲಿಗೊಂದು, ಹಿತ್ತಲಿಗೊಂದು ಕ್ಯಾಮೆರಾ ಕಳ್ಳರಿಗಾಗಿ. ಊಟದ ಮೇಜಿನ ಎದುರಿಗೆ ನಾಲ್ಕನೆಯದು, ಭಾವನವರಿಗಾಗಿ. ಬಾಯಿಬಿಟ್ಟು ಹೇಳಲಾಗುತ್ತದೆಯೇ? “ಫ್ರಿಜ್ ಕದ್ದರೆ ಗೊತ್ತಾಗಬೇಕಲ್ಲ” ಎಂದೆ.

“ಫ್ರಿಜ್ ಹೊತ್ತುಕೊಂಡು ಹೋಗಾವ ಗಟ್ಟಿಮುಟ್ಟು ಇರಬೇಕು ಬಿಡು. ಚಲೋ ಉಂಡಾವ” ಎಂದು ಭಾವನವರು ಆ ಕಾಲ್ಪನಿಕ ಕಳ್ಳನ ಬಗ್ಗೆ ಮೆಚ್ಚುಗೆ ಸೂಚಿಸಿದರು.

ಕ್ಯಾಮೆರಾ ಕೊಳ್ಳುವುದು ಸುಲಭ. ಅವಕ್ಕೆ ಕರೆಂಟು ಕೊಡುವ ಸ್ವಿಚ್ಚು ಆರಿಸುವುದಿದೆಯಲ್ಲ, ಅದೇ ಕಷ್ಟ. ಇದು ಗೋಡೆಯ ಮೇಲೆ ಟಕ್ಕೆನ್ನುವ ದೀಪದ ಸ್ವಿಚ್ಚಲ್ಲ. ಸಾಲಾಗಿ ತೂತುಗಳಿರುವ ಒಂದು ಚಪ್ಪಟೆ ಪೆಟ್ಟಿಗೆ. ಆ ತೂತಿಗೆ ಪೋರ್ಟ್ ಅನ್ನುತ್ತಾರೆ. ಒಂದೊಂದು ಪೋರ್ಟಿನಿಂದ ಒಂದೊಂದು ಕ್ಯಾಮೆರಾಕ್ಕೆ ತಂತಿ. ಅದೇ ತಂತಿಯಲ್ಲಿ ಕ್ಯಾಮೆರಾಕ್ಕೆ ಕರೆಂಟು ಹೋಗುತ್ತದೆ, ಅದೇ ತಂತಿಯಲ್ಲಿ ಚಿತ್ರ ವಾಪಸು ಬರುತ್ತದೆ. ನಮ್ಮ ಮನೆಯವರು ಇದನ್ನು ವಿವರಿಸಿದ ಕೂಡಲೇ ಭಾವನವರ ಕಣ್ಣು ಅರಳಿತು.

“ಅಂದ್ರ ಉಣ್ಣೋ ಬಾಯಿಲೇ ಮಾತಾಡ್ತಾವು! ಥೇಟ್ ನಮ್ಮ ಮಂದಿನ!”

ಅಂದಿನಿಂದ ಅದು ಅವರ ಖಾತೆ. ಭಾನುವಾರ ಮೂವರೂ ಎಸ್.ಪಿ. ರೋಡಿನ ಒಂದು ಅಂಗಡಿಗೆ ಹೋದೆವು.

“ನಾಲ್ಕ್ ಕ್ಯಾಮೆರಾ ತಾನೆ ಸಾರ್? ನಾಲ್ಕ್ ಪೋರ್ಟಿಂದು ಸಾಕು, ತಗೊಂಡೋಗಿ” ಎಂದ ಅಂಗಡಿಯವನು.

“ಐದನೇದಾವ ಬಂದ್ರ?”

“ಯಾರ್ ಸಾರ್ ಐದ್ನೇಯವ್ರು?”

“ಯಾರರೆ ಆಗ್ಲಿ. ಬಂದಾವಗ ಎಲಿ ಇಲ್ಲ ಅನ್ನಾಕಾಗ್ತತೇನು?”

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಅವನು ಎಂಟು ಪೋರ್ಟಿನದನ್ನು ಇಳಿಸಿದ. ಭಾವನವರು ಕನ್ನಡಕ ಏರಿಸಿ ಡಬ್ಬದ ಮೇಲಿನ ಅಕ್ಷರಗಳನ್ನು ಅಕ್ಕಿ ಆರಿಸುವ ಹಾಗೆ ಆರಿಸಿದರು.

“ಎಂಟು ಎಲಿ. ಒಂದೊಂದಕ್ಕ ಮೂವತ್ತು ವ್ಯಾಟ್ ತನಕ ಬಡಿಸ್ತೀನಿ ಅಂತ ದಪ್ಪಗ ಬರ್ದಾರ. ಮಾಡಿದ ಅಡಿಗಿ ಒಟ್ಟು ಅರವತ್ತು ಅಂತ ಇಲ್ಲಿ ಸಣ್ಣಗ ಬರ್ದಾರ. ಇಬ್ರು ಹೊಟ್ಟಿತುಂಬ ಉಂಡ್ರ ಉಳಿದ ಆರು ಮಂದಿ ಎಲಿ ನೋಡ್ಕೋತ ಕುಂದ್ರಬೇಕೇನ್ರಿ?”

“ಅಷ್ಟ್ ಯಾವ್ ಕ್ಯಾಮೆರಾನೂ ಎಳ್ಯಲ್ಲ ಸಾರ್. ಹಗಲೊತ್ತು ಸ್ವಲ್ಪ ಸಾಕು. ಕತ್ತಲಾದ್ಮೇಲೆ ಅದರ ದೀಪ ಹತ್ಕೊಳ್ಳುತ್ತಲ್ಲ, ಆವಾಗ ಸ್ವಲ್ಪ ಜಾಸ್ತಿ.”

“ಹಗಲು ಕಮ್ಮಿ, ರಾತ್ರಿ ಜಾಸ್ತಿ. ನಮ್ಮ ತಮ್ಮನಂಗ!” ಎಂದು ಭಾವನವರು ನಮ್ಮ ಮನೆಯವರ ಹೊಟ್ಟೆಯ ಕಡೆ ಪ್ರೀತಿಯಿಂದ ನೋಡಿದರು. ಅವರು ಉಸಿರು ಒಳಗೆಳೆದುಕೊಂಡು ನಿಂತರು.

ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಕೆಡುವುದನ್ನು ಕೇಳದೆ ನನ್ನ ಬಾಯಿ ಸುಮ್ಮನಿರುತ್ತದೆಯೇ? “ಅರವತ್ತಕ್ಕಿಂತ ಜಾಸ್ತಿ ಆದರೆ ಏನಾಗುತ್ತೆ?” ಎಂದೆ.

“ಏನಾಗಲ್ಲ ಮೇಡಂ. ಯಾವ್ದಾದ್ರೂ ಒಂದು ಪೋರ್ಟ್‌ನ ಅದೇ ಆಫ್ ಮಾಡ್ಬಿಡುತ್ತೆ.”

ಭಾವನವರು ಡಬ್ಬವನ್ನು ಮುಟ್ಟಬಾರದ್ದನ್ನು ಮುಟ್ಟಿದವರಂತೆ ಕೆಳಗಿಟ್ಟರು. “ಪಂಕ್ತಿಯಾಗ ಕುಂತಾವನ್ನ ನಡುವ ಎಬ್ಬಿಸ್ತತಾ? ಇದನ್ನ ಮನಿಗೆ ಒಯ್ಯಬ್ಯಾಡವ್ವಾ!”

ಮುಂದಿನದು ಫ್ಯಾನು ಇದ್ದ ಸ್ವಿಚ್ಚು. ಚಾಲೂ ಮಾಡಿದರೆ ಗುಂಯ್ ಎಂದಿತು. “ಬಡಿಸಾವ ಗೊಣಗಿದ್ರ ಉಂಡದ್ದು ಮೈಗೆ ಹತ್ತಂಗಿಲ್ಲ” ಎಂದು ಅದೂ ತಿರಸ್ಕೃತ. ಕೊನೆಗೆ ನಾವು ಹೊತ್ತು ತಂದದ್ದು ಹದಿನಾರು ಪೋರ್ಟಿನ, ತುಟಿ ಪಿಟಕ್ಕೆನ್ನದ, ಇಡೀ ಬೀದಿಗೆ ಅನ್ನ ಹಾಕುವ ತಾಕತ್ತಿನ ಒಂದು ಕಬ್ಬಿಣದ ದಾಸೋಹ! ನಾಲ್ಕು ಕ್ಯಾಮೆರಾಕ್ಕೆ!

“ಅಣ್ಣಾ, ಉಳಿದ ಹನ್ನೆರಡು?” ಎಂದರು ನಮ್ಮ ಮನೆಯವರು.

“ಬರ್ತಾರ.”

ಅಂಗಡಿಯವನಿಗೂ ಮುಂದಿನ ಭಾನುವಾರ ಊಟಕ್ಕೆ ಕರೆ ಹೋಯಿತೆಂದು ಬೇರೆ ಹೇಳಬೇಕೇ?

ತಂತಿ ಎಳೆಯಲು ಬಂದ ಟೆಕ್ನಿಷಿಯನ್ ನಮ್ಮ ಪಕ್ಕದ ರಸ್ತೆಯವನೇ. ನಲವತ್ತು ದಾಟಿದ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಆಸಾಮಿ. ಹೆಂಡತಿಗೆ ಗಾರ್ಮೆಂಟ್ಸಿನಲ್ಲಿ ಕೆಲಸ. ಮಧ್ಯಾಹ್ನದ ಊಟ ಬೇಕರಿಯ ಬನ್ನು ಎಂದು ಅವನು ಬಾಯಿತಪ್ಪಿ ಹೇಳಿದ್ದೇ ತಡ, ಡ್ರಿಲ್ಲು ಅವನ ಕೈಯಿಂದ ಕೆಳಗಿಳಿಯಿತು, ರೊಟ್ಟಿ ಕೈಗೆ ಬಂತು. “ಅಜ್ಜಾವ್ರೆ, ಸಾಕು... ಅಜ್ಜಾವ್ರೆ, ಸಾಕು ಅಂದ್ನಲ್ಲಾ...” ಎನ್ನುತ್ತಲೇ ಐದು ರೊಟ್ಟಿ ಮುಗಿಸಿದವನು, ಏಣಿಯ ಬುಡದಲ್ಲೇ ಒರಗಿ ಗೊರಕೆ ಹೊಡೆದ. ಏಣಿ ಬೀಳದಂತೆ ನಾನು ಹಿಡಿದುಕೊಂಡು ನಿಂತಿದ್ದೆ. ಏಣಿಯ ಮೇಲೆ ಯಾರೂ ಇರಲಿಲ್ಲ!

ಅಂತೂ ನಾಲ್ಕೂ ಕ್ಯಾಮೆರಾ ಕಣ್ಣು ಬಿಟ್ಟವು. ಮರುದಿನ ಆಫೀಸಿನಲ್ಲಿ ಫೋನು ತೆರೆದರೆ ಎಲ್ಲ ಸ್ಪಷ್ಟ. ಭಾವನವರು ಗೇಟಿನ ಕ್ಯಾಮೆರಾಕ್ಕೆ ಕೈ ಮುಗಿದರು. ಮೆಟ್ಟಿಲಿನ ಕ್ಯಾಮೆರಾಕ್ಕೆ “ಚಾ ಆತೇನು?” ಎಂದು ಕೈಸನ್ನೆ ಮಾಡಿದರು. ನಾನು ಊಟದ ಹೊತ್ತಿಗಾಗಿ ಕಾದೆ. ಮಧ್ಯಾಹ್ನ ಒಂದು ಗಂಟೆಯಾಯಿತು. ಊಟದ ಮೇಜಿನ ಚಿತ್ರ ಫಕ್ಕನೆ ಕಪ್ಪಾಯಿತು! ಉಳಿದ ಮೂರೂ ನೆಟ್ಟಗಿವೆ. ಅರ್ಧ ಗಂಟೆಯ ಮೇಲೆ ಅದು ತಾನೇ ಸರಿಹೋಯಿತು. ಆಗ ಪಾತ್ರೆಗಳು ಬೋರಲಾಗಿದ್ದವು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ನೋಡಬೇಕೆಂದು ನಾನು ಇಷ್ಟೆಲ್ಲ ಮಾಡಿದ್ದು ಯಾವುದನ್ನೋ, ಅದೊಂದೇ ಕಾಣುವುದಿಲ್ಲ! ಟೆಕ್ನಿಷಿಯನ್‌ಗೆ ಫೋನು ಹಚ್ಚಿದೆ.

“ಪವರ್ ಸಾಲ್ತಾ ಇಲ್ವೇನಪ್ಪಾ? ಸ್ವಿಚ್ಚೇ ಆಫ್ ಮಾಡ್ತಿದೆಯಾ?”

“ಅಯ್ಯೋ ಮೇಡಂ, ಆ ಸ್ವಿಚ್ಚಿಗೆ ಆನೆ ಕಟ್ಬೋದು. ಲೂಸ್ ಕನೆಕ್ಷನ್ ಇರ್ಬೇಕು. ಇರಿ, ನಾನೇ ಹೋಗಿ ಚೆಕ್ ಮಾಡ್ತೀನಿ.”

ಸ್ವಲ್ಪ ಹೊತ್ತಿಗೆ ಅವನೇ ಫೋನು ಮಾಡಿ, “ಈಗ್ ನೋಡಿ ಮೇಡಂ” ಎನ್ನುತ್ತಿದ್ದ. ನೋಡಿದರೆ ನಿಜವಾಗಿಯೂ ಸರಿಹೋಗಿರುತ್ತಿತ್ತು! ವಾರವಿಡೀ ಹೀಗೆಯೇ. ಕರೆದಾಗ ಬರುವ ಟೆಕ್ನಿಷಿಯನ್ನನ್ನು ಬೆಂಗಳೂರಿನಲ್ಲಿ ಯಾರಾದರೂ ಕಂಡಿದ್ದೀರಾ? ನಾನು ಆಫೀಸಿನಲ್ಲಿ ಅವನ ಗುಣಗಾನ ಮಾಡಿದ್ದೇ ಮಾಡಿದ್ದು.

ಕೊನೆಗೆ ನನ್ನ ಕ್ವಾಲಿಟಿ ಬುದ್ಧಿ ತಡೆಯಲಿಲ್ಲ. ಅರ್ಧ ದಿನ ರಜೆ ಹಾಕಿ, ಆಟೋ ಹಿಡಿದು, ಮಧ್ಯಾಹ್ನ ಒಂದು ಗಂಟೆ ದಾಟುತ್ತಿದ್ದಂತೆ ಹಿತ್ತಲ ಬಾಗಿಲಿಗೆ ಬಂದೆ. ಫೋನಿನಲ್ಲಿ ಮೇಜಿನ ಚಿತ್ರ ಕಪ್ಪು. ಅಲ್ಲೇ ನಿಂತು ಟೆಕ್ನಿಷಿಯನ್‌ಗೆ ಕರೆ ಮಾಡಿದೆ. ಫೋನು ನಮ್ಮ ಊಟದ ಮನೆಯಲ್ಲೇ ರಿಂಗಾಯಿತು!

ಒಳಗೆ ಹೋದೆ. ಸ್ವಿಚ್ಚಿನಿಂದ ಕಿತ್ತ ಒಂದು ತಂತಿ ಮೊಳೆಗೆ ನೀಟಾಗಿ ನೇತಾಡುತ್ತಿತ್ತು. ಮೇಜಿನ ಎರಡು ಬದಿಗೆ ಎರಡು ತಟ್ಟೆ. ಒಂದರ ಮುಂದೆ ಭಾವನವರು. ಇನ್ನೊಂದರ ಮುಂದೆ ಕಿವಿಯ ಮೇಲಿನ ಪೆನ್ಸಿಲ್.

“ಮೇಡಂ... ಚೆಕ್ ಮಾಡ್ತಿದ್ದೆ...” ಎಂದು ಅವನು ಬಾಯ್ತುಂಬ ಬದನೆಕಾಯಿ ಇಟ್ಟುಕೊಂಡು ಅರ್ಧ ಎದ್ದ.

“ಏನನ್ನ? ಉಪ್ಪನ್ನಾ?”

“ಅವಗ ಏನೂ ಅನಬ್ಯಾಡ, ತಂತಿ ಕಿತ್ತಾವ ನಾನು” ಎಂದರು ಭಾವನವರು. “ಉಣ್ಣೋರ ಮಾರಿ ನೋಡಬಾರ್ದವ್ವಾ. ಬಡಿಸಾವ ಎಲಿ ನೋಡ್ಬೇಕು, ಮಾರಿ ನೋಡಬಾರ್ದು. ಮನಿಗೆ ಬಂದು ಕುಂತಾವನ ತುತ್ತಿಗೆ ಮ್ಯಾಲಿಂದ ಒಂದು ಕಣ್ಣು ಇಟ್ರ, ಅವಗ ಹ್ಯಾಂಗ ಇಳಿದೀತು?”

ನನ್ನ ಕಣ್ಣು ಅವರ ತಟ್ಟೆಗೆ ಹೋಯಿತು. ಅರ್ಧ ರೊಟ್ಟಿ ಮುಗಿದಿತ್ತು, ಇನ್ನರ್ಧ ಕೈಯಲ್ಲಿತ್ತು. ಭಾವನವರು ಉಣ್ಣುತ್ತಿದ್ದರು! ನಾನು ನೋಡಿದ್ದನ್ನು ಅವರೂ ನೋಡಿದರು.

“ಎಲ್ಲಾ ಪಂಕ್ತಿ ಎದ್ದ ಮ್ಯಾಲ, ಕಡೀಕ ನಿಮ್ಮಕ್ಕ ನಾನು ಎದುರಾಬದುರು ಕುಂದುರ್ತಿದ್ವಿ” ಎಂದರು, ರೊಟ್ಟಿಯ ತುದಿಯನ್ನು ಸಣ್ಣಗೆ ಮುರಿಯುತ್ತ. “ಒಬ್ಬನ ಕುಂತು ಉಂಡು ನನಗ ರೂಢಿ ಇಲ್ಲ ತಂಗಿ. ಈವ ಬಂದಾಗಿಂದ ಸೇರಾಕತ್ತೈತಿ.”

ಟೆಕ್ನಿಷಿಯನ್ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ. ನಾನೂ ಒಂದು ತಟ್ಟೆ ತಂದು ಅವರ ಪಕ್ಕದಲ್ಲಿ ಕುಳಿತೆ. ಭಾವನವರು ತಟ್ಟನೆ ಎದ್ದರು, ಸೌಟು ಹಿಡಿದರು. ಅವನಿಗೆ ಬಡಿಸಿದರು, ನನಗೆ ಬಡಿಸಿದರು, ಬೇಡವೆಂದರೂ ಇನ್ನೊಂದಿಷ್ಟು ಬಡಿಸಿದರು. ತಮ್ಮ ಅನ್ನದ ಮೇಲೆ ಪಾತ್ರೆ ಬಗ್ಗಿಸಿದಾಗ ಸೌಟು ತಳ ಕೆರೆದ ಸದ್ದಾಯಿತು. ಬೆಳಿಗ್ಗೆ ಎದ್ದು ಅಳತೆ ಮಾಡಿ ಒಬ್ಬರಿಗಷ್ಟೇ ಇಟ್ಟು ಹೋದವಳು ನಾನೇ ಅಲ್ಲವೇ? ಸಾರು ಸಾಲಲಿಲ್ಲ.