ಸೇತುವೆ ಮೇಲಿನ ಕೊಂಬಿನ ರಾಕ್ಷಸ

ದುಡಿದು ಬಂದವನಿಗೆ ಮನೇಲಿ ನೆಮ್ಮದಿ ಅನ್ನೋದು ಇಲ್ಲವೇ ಇಲ್ಲ. ನನಗಂತೂ ಇಂಥ ಫಜೀತಿಗಳು ವಾರಕ್ಕೊಂದು ಆಗ್ತಾನೇ ಇರ್ತವೆ. ನಾನು ಕಡೂರಿಂದ ಯಗಟಿ ಕಡೆ ಓಡೋ ಬಸ್ಸಿನ ಕಂಡಕ್ಟರ್. ವಯಸ್ಸು ನಲವತ್ತೇಳು, ಮಂಡಿನೋವು ಬೇರೆ. ಮೂರು ತಿಂಗಳ ಹಿಂದೆ ತರೀಕೆರೆಯಲ್ಲಿರೋ ನನ್ನ ಭಾವಮೈದ, ಮನೆ ರಿಪೇರಿ, ಧೂಳು ಅಂತ ಹೇಳಿ ತನ್ನ ವಿಡಿಯೋ ಗೇಮಿನ ಡಬ್ಬಿ ತಂದು ನಮ್ಮ ಟಿವಿಗೆ ಸಿಕ್ಕಿಸಿ ಹೋದ. ಅದರಲ್ಲೊಂದು ಆಟ. ಹಾಳು ಕೋಟೆ, ಕತ್ತಿ, ಮಾಟಗಾರರು. ಮೊದಲನೇ ಸೇತುವೆ ಮೇಲೇ ಒಬ್ಬ ಕೊಂಬಿನ ರಾಕ್ಷಸ ಗದೆ ಹಿಡಿದು ನಿಂತಿದ್ದಾನೆ. ಅವನನ್ನ ಕೊಲ್ಲದೆ ಮುಂದಕ್ಕೆ ದಾರಿಯಿಲ್ಲ.

"ಭಾವ, ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ" ಅಂದ ಭಾವಮೈದ, ಹೋಗುವಾಗ. ಅಷ್ಟು ಸಾಕಾಯ್ತು. ಇಪ್ಪತ್ತು ವರ್ಷದಿಂದ ಬಸ್ಸಲ್ಲಿ ಹತ್ತೋರ ಕೈಲೂ ಇಳಿಯೋರ ಕೈಲೂ ಬೈಸಿಕೊಂಡಿದ್ದೀನಿ. ಅವನು ಡಬ್ಬಿ ವಾಪಸ್ ಒಯ್ಯೋದರೊಳಗೆ ಈ ಒಬ್ಬನನ್ನಾದರೂ ಗೆಲ್ಲಬೇಕು ಅಂತ ಹಟ ಹಿಡಿದೆ.

ಬಿಡ್ತು ಅನ್ನು

ಸಾಯಂಕಾಲ ಆಡೋಕೆ ಕೂತರೆ ಸಾಯೋದೇ ಕೆಲಸ. ಅವನು ಗದೆ ಎತ್ತಿದ, ಸತ್ತೆ. ಪಕ್ಕಕ್ಕೆ ಉರುಳಿದೆ, ಸೇತುವೆಯಿಂದ ಬಿದ್ದು ಸತ್ತೆ.

"ಥೂ, ಮತ್ತೆ ಸತ್ತೆ!" ಅಂದೆ.

ಅಡುಗೆಮನೆಯಿಂದ ನಮ್ಮಮ್ಮ, "ಲೇ, ದೀಪ ಹಚ್ಚೋ ಹೊತ್ತಲ್ಲಿ ಏನು ಮಾತೋ ಅದು! ಬಿಡ್ತು ಅನ್ನು!"

"ಬಿಡ್ತಮ್ಮ."

ಎರಡು ನಿಮಿಷಕ್ಕೆ ಮತ್ತೆ ಸತ್ತೆ. ಮತ್ತೆ ಬಿಡ್ತು. ಹಿಂಗೇ ಮೂವತ್ತು ನಲವತ್ತು ಸಲ. ಕೊನೆಗೆ ಅಮ್ಮನೇ ಸುಸ್ತಾಗಿ, ಕೈಯೆಲ್ಲ ಹಿಟ್ಟು ಮಾಡಿಕೊಂಡು ಬಾಗಿಲಿಗೆ ಬಂದ್ಲು.

"ನಂಗೆ ರೊಟ್ಟಿ ತಟ್ಟೋಕೇ ಬಿಡ್ತಿಲ್ಲ ನೀನು. ರಾತ್ರಿ ಊಟದವರೆಗೂ ಎಷ್ಟು ಸಲ ಸಾಯ್ತೀಯೋ ಎಲ್ಲಾ ಸೇರಿಸಿ, ಈಗಲೇ ಒಂದ್ಸಲ ಗಟ್ಟಿಯಾಗಿ ಬಿಡ್ತು ಅಂದ್ಬಿಡು ಕಣೋ."

ಬಸ್ಸಿನ ಪಂಚಾಯ್ತಿ

ಒಂದು ಬೆಳಗ್ಗೆ ಡ್ರೈವರ್ ಹತ್ರ ಗೋಳು ಹೇಳ್ಕೊತಿದ್ದೆ. ಮುಂದಿನ ಸೀಟಲ್ಲಿ ಯಗಟಿಯ ಕುರಿ ಸಾಕೋ ಯಜಮಾನರು ಕೂತಿದ್ರು.

"ಯಾರು ಕಣಪ್ಪಾ, ನಿಂಗೆ ಹಿಂಗೆ ಹೊಡೆಯೋನು?"

"ಸೇತುವೆ ಮೇಲೆ ಒಬ್ಬ ಇದಾನೆ ಯಜಮಾನ್ರೆ. ದಿನಾ ಕತ್ತಿ ಹಿಡ್ಕೊಂಡು ಹೋಗ್ತೀನಿ, ದಿನಾ ಹೊಡೆದು ಹಾಕ್ತಾನೆ."

"ನಿಮ್ಮನೆ ಹತ್ರ ಬಂದು ಬೈದ್ನಾ?"

"ಇಲ್ಲ."

"ಜಮೀನಿನ ತಕರಾರಾ?"

"ಅದೂ ಇಲ್ಲ."

"ಅವನ ಪಾಡಿಗೆ ಅವನು ನಿಂತವ್ನೆ. ಕತ್ತಿ ತಗಂಡು ಮೈಮೇಲೆ ಬೀಳೋನು ನೀನು. ಕೇಸಾದ್ರೆ ಒಳಗೆ ಹೋಗೋನೂ ನೀನೇ ಕಣಪ್ಪಾ."

ಇಡೀ ಬಸ್ಸು ಹೌದೌದು ಅಂತು. ರಾಕ್ಷಸನ ಪರವಾಗಿ ಐವತ್ತು ಜನ, ನನ್ನ ಪರ ಡ್ರೈವರೂ ಇಲ್ಲ.

ಕರೆಂಟು

ಹೋದ ಶನಿವಾರ, ಭಾನುವಾರ ಎರಡು ದಿನ ನನಗೆ ರಜಾ. ಶನಿವಾರ ಮಧ್ಯಾಹ್ನ ರಾಕ್ಷಸನ ಜೀವ ಇನ್ನೊಂದೇ ಏಟಿಗೆ ಬಂದಿತ್ತು. ಕರೆಂಟ್ ಹೋಯ್ತು. ತಕ್ಷಣ ನಮ್ಮ ಬೀದಿಯ ಲೈನ್‌ಮನ್‌ಗೆ ಫೋನ್ ಮಾಡಿದೆ.

"ಅಣ್ಣಾ, ಎರಡೇ ಎರಡು ನಿಮಿಷ ಕರೆಂಟ್ ಕೊಡು. ಕೊಟ್ಟ ತಕ್ಷಣ ಅವನು ಸಾಯ್ತಾನೆ!"

"ಅಯ್ಯೋ ದೇವ್ರೇ! ಯಾರೂ ಮುಟ್ಟಬೇಡಿ!" ಅಂತ ಫೋನ್ ಇಟ್ಟ. ಪುಣ್ಯಾತ್ಮ, ಯಾರೋ ತಂತಿಗೆ ಸಿಕ್ಕಿಕೊಂಡಿದ್ದಾರೆ ಅಂತ ತಿಳಿದು, ಸಾಯಂಕಾಲದವರೆಗೂ ಇಡೀ ಬೀದಿಗೇ ಕರೆಂಟ್ ಕೊಡಲಿಲ್ಲ.

ದೃಷ್ಟಿ

ಮಾರನೇ ದಿನ ಭಾನುವಾರ ಬೆಳಗ್ಗೆ ಭಾವಮೈದನ ಫೋನು. "ಭಾವ, ರಿಪೇರಿ ಮುಗೀತು. ಹನ್ನೊಂದಕ್ಕೆ ಬತ್ತೀನಿ, ಡಬ್ಬಿ ಬಿಚ್ಚಿಡಿ."

ಎಂಟಕ್ಕೇ ಕೂತೆ. ಹತ್ತೂ ಮುಕ್ಕಾಲಿಗೆ ಬೆರಳೆಲ್ಲ ಮರಗಟ್ಟಿ ಹೋಗಿತ್ತು. ಆದರೆ ಟಿವಿಯ ಕೆಳಗಡೆ ರಾಕ್ಷಸನ ಜೀವ ತೋರಿಸೋ ಉದ್ದನೆ ಕೆಂಪು ಗೆರೆ ಕರಗಿ ಕರಗಿ ಸಾಸಿವೆಯಷ್ಟು ಉಳಿದಿತ್ತು. ಹೊರಗೆ ಭಾವಮೈದನ ಬೈಕ್ ನಿಂತ ಸದ್ದು.

ಆಗ ನಮ್ಮಮ್ಮ ಮುಷ್ಟೀಲಿ ಉಪ್ಪು, ಒಣಮೆಣಸಿನಕಾಯಿ ಹಿಡ್ಕೊಂಡು ಬಂದು, ಸೀದಾ ಟಿವಿ ಮುಂದೆ ನಿಂತ್ಲು. ನನ್ನ ಕಡೆಗೆ ಬೆನ್ನು.

"ಅಮ್ಮಾ, ಸರಿಯಮ್ಮ! ನಿನ್ನ ದಮ್ಮಯ್ಯ!"

ದೃಷ್ಟಿ ತೆಗೆಯುವಾಗ ಮಾತಾಡಬಾರದಲ್ಲ, ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಬಲಕ್ಕೆ ಮೂರು ಸುತ್ತು, ಎಡಕ್ಕೆ ಮೂರು ಸುತ್ತು. ನಾನು ಕತ್ತು ಆ ಕಡೆ ಈ ಕಡೆ ಹಾಕ್ತಾ ಸಿಕ್ಕಿದ ಗುಂಡಿಯೆಲ್ಲ ಒತ್ತಿದೆ. ಧಡ್ ಅಂತ ಸದ್ದಾಯ್ತು. ಅಮ್ಮ ಪಕ್ಕಕ್ಕೆ ಸರಿಯೋ ಹೊತ್ತಿಗೆ ನಾನು ಸತ್ತಿದ್ದೆ, ಆಟ ಮೊದಲಿಂದ ಶುರುವಾಗಿ ರಾಕ್ಷಸ ಪೂರ್ತಿ ಜೀವ ತುಂಬ್ಕೊಂಡು ಎದ್ದು ನಿಂತಿದ್ದ. ಭಾವಮೈದ ಬಾಗಿಲಲ್ಲಿ ನಿಂತು ನಗ್ತಿದ್ದ. ನನಗೆ ನಿಜವಾಗ್ಲೂ ಅಳು ಬಂತು.

"ಅಲ್ಲಮ್ಮಾ, ನನಗೆ ದೃಷ್ಟಿ ತೆಗೆಯೋದಾದ್ರೆ ನನ್ನ ಕಡೆ ತಿರುಗಿ ತೆಗೀಬಾರ್ದಿತ್ತಾ?"

"ನಿಂಗ್ಯಾರು ತೆಗೆದ್ರು? ಮೂರು ತಿಂಗಳಿಂದ ಕಣ್ಣು ಮಿಟುಕಿಸದೆ ಅವನನ್ನೇ ನೋಡ್ತಿದ್ದೀಯ. ಪಾಪ, ನಿನ್ನ ಕಣ್ಣು ತಾಗಿ ಹೆಂಗೆ ಸೊರಗಿ ಹೋಗಿದ್ದ!" ಅಮ್ಮ ಟಿವಿ ಕಡೆ ತಿರುಗಿ ಕೆಂಪು ಗೆರೆ ತೋರಿಸಿದ್ಲು. "ನೋಡೀಗ, ತೆಗೆದ ಕೂಡಲೇ ಹೆಂಗೆ ಮೈ ತುಂಬಾ ರಕ್ತ ಬಂತು!"