ರಾಹುಕಾಲದಲ್ಲಿ ಶುರುವಾದ ಮೋಟಾರು ಸೈಕಲ್ಲು

ಮೋಟಾರು ಸೈಕಲ್ಲಿನ ಎಂಜಿನ್ನಿನ ಬಗ್ಗೆ ನನಗೆ ತಿಳಿಯದ ಸಂಗತಿ ಯಾವುದೂ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ತುಮಕೂರಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ವರ್ಷಕ್ಕೊಮ್ಮೆ ಬಣ್ಣದ ಸೀಮೆಸುಣ್ಣದಲ್ಲಿ ಎಂಜಿನ್ನಿನ ಚಿತ್ರ ಬರೆದು, ಪೆಟ್ರೋಲು ಎಲ್ಲಿ ಬರುತ್ತದೆ, ಕಿಡಿ ಎಲ್ಲಿ ಹಾರುತ್ತದೆ, ಹೊಗೆ ಎಲ್ಲಿ ಹೋಗುತ್ತದೆ ಎಂದು ಬೆತ್ತದ ತುದಿಯಿಂದ ತೋರಿಸುತ್ತಿದ್ದೆ. ಕಪ್ಪುಹಲಗೆಯ ಮೇಲಿನ ಆ ಎಂಜಿನ್ನು ಒಂದು ದಿನವೂ ಕೈಕೊಟ್ಟಿರಲಿಲ್ಲ.

ಹೀಗಾಗಿ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಗಾಡಿಯೊಂದು ಹಲವು ಕೈ ದಾಟಿ ನಮ್ಮೂರಿಗೆ ಬಂದಾಗ, ಅದನ್ನು ಕೊಳ್ಳುವುದು ವಿಜ್ಞಾನದ ದೃಷ್ಟಿಯಿಂದ ನನ್ನ ಕರ್ತವ್ಯವೇ ಆಯಿತು. ಮಹಾಯುದ್ಧದಲ್ಲಿ ಅದು ಯಾವ ಪಕ್ಷದಲ್ಲಿತ್ತೋ ತಿಳಿಯದು. ನಮ್ಮ ಮನೆಗೆ ಬಂದ ಮೇಲೆ ಮಾತ್ರ ನನ್ನ ವಿರುದ್ಧ ಪಕ್ಷದಲ್ಲಿತ್ತು.

ಗಾಡಿ ತಂದ ಮರುವಾರವೇ ಗುಬ್ಬಿಯಿಂದ ಕರೆ ಬಂತು. ನನ್ನ ಹೆಂಡತಿ ಶಾರದೆಯ ತಮ್ಮ ನರಸಿಂಹನ ಮೂರು ತಿಂಗಳ ಗಂಡುಮಗುವಿಗೆ ಸೋಮವಾರ ನಾಮಕರಣ. ಹನ್ನೊಂದು ಗಂಟೆಯೊಳಗೆ ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಬೇಕಾದವಳು ಸೋದರತ್ತೆ. ಅಂದರೆ ಶಾರದೆ. ಆದರೆ ಕುಣಿಗಲ್ಲಿನಲ್ಲಿ ಕಮಲಕ್ಕ ಎಂಬಾಕೆ ಇದ್ದಳು. ಶಾರದೆಯ ದೊಡ್ಡಪ್ಪನ ಮಗಳು. ಲೆಕ್ಕಕ್ಕೆ ಅವಳೂ ಸೋದರತ್ತೆಯೇ.

“ನರಸಿಂಹನ ಮದುವೇಲಿ ನಂಗೆ ಜ್ವರ ಬಂತು ಅಂತ ಕಳಶ ಹಿಡಿಯೋಕೆ ಅವಳೇ ನಿಂತ್ಲು. ಇವತ್ತಿಗೂ ಎಲ್ಲರ ಮನೇಲೂ ಅದನ್ನೇ ಹೇಳ್ಕೊಂಡು ತಿರುಗ್ತಾಳೆ. ಈ ಸಲ ನಾನು ತಡವಾಗಿ ಹೋದ್ರೆ ಮುಗೀತು, ಮಗು ಅವಳ ಕೈಗೇ” ಎಂದಳು ಶಾರದೆ. “ಏಳು ಗಂಟೆ ಬಸ್ಸಿಗೆ ಹೋಗಿಬಿಡೋಣ ರೀ.”

“ಬಸ್ಸೇ! ಮನೇಲಿ ಮೋಟಾರು ಸೈಕಲ್ಲು ಇಟ್ಕೊಂಡು ಬಸ್ಸೇ!”

“ಅದು ಮನೇಲೇ ಇದೆಯಲ್ಲ, ಅದೇ ನನ್ ಭಯ.”

ಹೆಂಗಸರಿಗೆ ಯಂತ್ರಗಳಲ್ಲಿ ನಂಬಿಕೆ ಕಡಿಮೆ ಎಂದು ನಾನು ಕ್ಷಮಿಸಿದೆ.

ಭಾನುವಾರ ಇಡೀ ಗಾಡಿಯ ಸೇವೆಯಲ್ಲಿ ಕಳೆದೆ. ಕಿಡಿ ಹಾರಿಸುವ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಮೈಯೆಲ್ಲ ಮಸಿ. ಹಿತ್ತಾಳೆ ಪಾತ್ರೆಯ ಕಿಲುಬು ತೆಗೆಯುವ ಹುಣಸೆಹಣ್ಣು ಪ್ಲಗ್ಗಿನ ಮಸಿಯನ್ನು ತೆಗೆಯಲಾರದೆ? ತಿಕ್ಕಿದೆ. ದೇವರ ಮನೆಯಲ್ಲಿ ಇಡಬಹುದಾದಷ್ಟು ಹೊಳೆಯಿತು. ಆಮೇಲೆ ಬಿಂದಿಗೆ ಬಿಂದಿಗೆ ನೀರು ಹುಯ್ದು ಗಾಡಿಗೆ ತಲೆಯಿಂದ ಪಾದದವರೆಗೆ ಅಭ್ಯಂಜನ ಮಾಡಿಸಿದೆ. ಅದಕ್ಕಿಂತ ಶುಚಿಯಾದ ಗಾಡಿ ಅಂದು ಜಿಲ್ಲೆಯಲ್ಲಿರಲಿಲ್ಲ. ಅದಕ್ಕಿಂತ ಒದ್ದೆಯಾದದ್ದೂ ಇರಲಿಲ್ಲ.

ಸೋಮವಾರ ಬೆಳಗ್ಗೆ ಕಚ್ಚೆ ಪಂಚೆ, ಕೋಟು, ಜರಿ ಪೇಟ ಧರಿಸಿ ಬೀದಿಗೆ ಬಂದೆ. ಶಾರದೆ ರೇಷ್ಮೆ ಸೀರೆಯುಟ್ಟು, ಮಗುವಿಗೆ ಹೊಲಿದ ಅಂಗಿ ಕುಲಾವಿಯ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ನನ್ನ ತಂದೆ ಜಗಲಿಯ ಮೇಲೆ ಪಂಚಾಂಗ ಹಿಡಿದು ಕೂತರು. ನಾನು ಗಾಡಿಯನ್ನು ಒದ್ದೆ.

ಅದು “ಗುಳಕ್” ಎಂದಿತು.

ಮತ್ತೆ ಒದ್ದೆ. ಗುಳಕ್. ಬೀದಿಯ ಜನ ಒಬ್ಬೊಬ್ಬರಾಗಿ ಸೇರಿದರು. ಜನ ಸೇರಿದರೆ ಪಾಠ ಮಾಡುವುದು ನನ್ನ ಹುಟ್ಟುಗುಣ. ಒಂದು ಒದೆತಕ್ಕೂ ಇನ್ನೊಂದು ಒದೆತಕ್ಕೂ ನಡುವೆ, ಗಾಳಿ ಮತ್ತು ಪೆಟ್ರೋಲು ಹೇಗೆ ಬೆರೆತು ಹೇಗೆ ಸಿಡಿಯುತ್ತವೆ ಎಂದು ವಿವರಿಸಿದೆ.

“ಎಲ್ಲಾ ಸರಿ ಮೇಷ್ಟ್ರೇ, ಸಿಡೀಲಿಲ್ವಲ್ಲ?” ಎಂದನೊಬ್ಬ.

“ತತ್ವದ ಪ್ರಕಾರ ಸಿಡಿದಿದೆ” ಎಂದೆ.

ಅಷ್ಟರಲ್ಲಿ ಏಳು ಗಂಟೆಯ ಬಸ್ಸು ಹಾರನ್ನು ಹೊಡೆಯುತ್ತಾ ನಮ್ಮ ಬೀದಿಯ ತುದಿಯಲ್ಲೇ ಹಾದುಹೋಯಿತು. ಶಾರದೆ ಬಸ್ಸನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎರಡನೆಯ ನೋಟ ಬಹಳ ಹೊತ್ತಿತ್ತು.

ತಂದೆಯವರು ಪಂಚಾಂಗದಿಂದ ತಲೆಯೆತ್ತಿದರು. “ಏಳೂವರೆಗೆ ರಾಹುಕಾಲ ಬರತ್ತೆ ಕಣೋ. ಆಮೇಲೆ ಒಂಬತ್ತರ ತನಕ ಹೊಸಿಲು ದಾಟೋ ಹಾಗಿಲ್ಲ.”

“ಗಾಡಿ ಶುರುವಾಗದೆ ಏನಪ್ಪಾ ಮಾಡ್ಲಿ?”

“ಪರಸ್ತಾನ ಇಡು.”

ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯವದು. ಒಳ್ಳೆಯ ಹೊತ್ತಿನಲ್ಲಿ ಹೊರಡಲಾಗದಿದ್ದವನು ತನ್ನದೊಂದು ಸಾಮಾನನ್ನು ಆ ಹೊತ್ತಿಗೆ ನೆರೆಮನೆಯಲ್ಲಿ ಇಟ್ಟರೆ ಸಾಕು, ಪ್ರಯಾಣ ಆರಂಭವಾಯಿತೆಂದೇ ಲೆಕ್ಕ. ಆಮೇಲೆ ಯಾವ ಹೊತ್ತಿನಲ್ಲಿ ಹೋದರೂ ದೋಷವಿಲ್ಲ. ಸಾಮಾನ್ಯವಾಗಿ ಕೊಡೆಯನ್ನೋ ಧೋತ್ರವನ್ನೋ ಇಡುತ್ತಾರೆ. ನಾನು ಮೋಟಾರು ಸೈಕಲ್ಲನ್ನೇ ಇಡಲು ನಿಶ್ಚಯಿಸಿದೆ.

ಎದುರುಮನೆ ಬಷೀರ್ ಸಾಹೇಬರದು. ಬಳೆ ಅಂಗಡಿಯವರು, ಭಾರಿ ಆಳು. ಏಳೂವರೆಗೆ ಇನ್ನೇನು ಎರಡು ನಿಮಿಷವಿದೆ ಎನ್ನುವಾಗ ಗಾಡಿಯನ್ನು ಅವರ ಅಂಗಳಕ್ಕೆ ನೂಕಿಕೊಂಡು ಹೋದೆ.

“ಬನ್ನಿ ಮೇಷ್ಟ್ರೇ, ನಿಮ್ಮನೇನೇ ಅಂತ ತಿಳ್ಕೊಳ್ಳಿ. ಗಾಡಿಗೂ ಒಂದು ಚಾ ತರಿಸ್ಲಾ?” ಎಂದರು. ಅದನ್ನು ಸುತ್ತು ಹಾಕಿ ನೋಡಿದರು. “ನಾನೂ ಒಂದ್ಸಲ ಕೂತ್ಕೊಳ್ಳಲಾ?”

“ಕೂತ್ಕೊಳ್ಳಿ. ಅದು ಎಲ್ಲಿಗೂ ಹೋಗಲ್ಲ.”

ಕೂತರು. ಸಂತೋಷಪಟ್ಟರು. ಇಳಿಯುವಾಗ ಲುಂಗಿ ಸಿಕ್ಕಿ, ಕಾಲು ಜಾರಿ, ಅವರ ಭಾರವೆಲ್ಲ ಕಿಕ್ಕರಿನ ಮೇಲೆ ಬಿತ್ತು. ಡರ್ರ್... ಡಗ ಡಗ ಡಗ! ಗಾಡಿ ಶುರುವಾಯಿತು!

“ಯಾ ಅಲ್ಲಾ, ನಾನೇನೂ ಮಾಡ್ಲಿಲ್ಲ!” ಎಂದರು ಸಾಹೇಬರು, ಎರಡೂ ಕೈ ಮೇಲೆತ್ತಿ.

“ಶಾರದಾ! ಶುರುವಾಯ್ತು! ಬಾ ಬೇಗ!” ಎಂದು ಕೂಗಿದೆ.

ಅವಳು ಓಡಿಬಂದಳು. ಹೊಸಿಲಿಗೆ ಅಡ್ಡವಾಗಿ ಒಂದು ಊರುಗೋಲು ಚಾಚಿಕೊಂಡಿತು.

“ನಿಲ್ಲಮ್ಮಾ. ಏಳೂವರೆ ದಾಟಿತು” ಎಂದರು ತಂದೆ.

“ಪರಸ್ತಾನ ಇಟ್ಟಾಯ್ತಲ್ಲಪ್ಪಾ!” ಎಂದೆ ಈಚೆಯಿಂದ.

“ಗಾಡಿ ಹೊರಟಿದೆ, ಸರಿ. ಅದರ ಜೊತೆಗೆ ನೀನೂ ಹೊರಟಿದೀಯ, ಅದೂ ಸರಿ. ಶಾರದೆದು ಏನು ಇಟ್ಟಿದೀಯೋ?”

ಏನೂ ಇಟ್ಟಿರಲಿಲ್ಲ. ಅವಳ ಕೈಯಲ್ಲಿದ್ದ ಚೀಲವನ್ನು ಗಾಡಿಗೆ ನೇತುಹಾಕಿಕೊಂಡು ಬಂದಿದ್ದರೆ ಸಾಕಿತ್ತು. ಎಂಜಿನ್ನಿನ ಎಲ್ಲ ಭಾಗಗಳನ್ನೂ ನೆನಪಿಟ್ಟಿದ್ದ ನಾನು ಹೆಂಡತಿಯನ್ನು ಮರೆತಿದ್ದೆ! ಹೊರಟವನು ಮನೆಗೆ ಹಿಂದಿರುಗಿದರೆ ಮಹಾ ಅಪಶಕುನವಂತೆ. ನಾನು ಆ ಕಡೆ ಹೋಗುವಂತಿಲ್ಲ, ಅವಳು ಈ ಕಡೆ ಬರುವಂತಿಲ್ಲ. ನಡುವೆ ಹನ್ನೆರಡಡಿ ಅಗಲದ ಬೀದಿ.

ಎಂಜಿನ್ನನ್ನು ನಿಲ್ಲಿಸುವಂತೆಯೂ ಇಲ್ಲ. ನಿಲ್ಲಿಸಿದರೆ ಮತ್ತೆ ಶುರುವಾದೀತೆಂಬ ಭರವಸೆ ಯಾರಿಗಿದೆ? ಒಂಬತ್ತು ಗಂಟೆಯವರೆಗೆ ಗಾಡಿಯ ಮೇಲೆ ಕೂತು ಹಿಡಿಯನ್ನು ತಿರುವುತ್ತಲೇ ಇದ್ದೆ. ಅಂಗಳ ಹೊಗೆಯಲ್ಲಿ ಮುಳುಗಿತು. ಸಾಹೇಬರ ಕೋಳಿಗಳು ಮೋಡ ಕವಿಯಿತೆಂದು ತಿಳಿದು ಗೂಡು ಸೇರಿ ಮಲಗಿದವು. ಸಾಹೇಬರು ಕೆಮ್ಮುತ್ತಾ ಬಂದು, “ಮೇಷ್ಟ್ರೇ, ಗುಬ್ಬಿ ಎಷ್ಟು ದೂರ ಬಂತು?” ಎಂದು ಆಗಾಗ ವಿಚಾರಿಸಿದರು.

ಒಂಬತ್ತು ಹೊಡೆಯಿತು. ಊರುಗೋಲು ಮೇಲೆದ್ದಿತು. ಶಾರದೆ ಬೀದಿ ದಾಟಿ ಬಂದು, ಸೆರಗು ಸುತ್ತಿಕೊಂಡು, ನನ್ನ ಹಿಂದೆ ಒಂದೇ ಪಕ್ಕಕ್ಕೆ ಕೂತು, “ಹೊರಡಿ” ಎಂದಳು.

ಡಗ... ಡಗ... ಡುಬ್.

ಸಾಹೇಬರು ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರು. “ಖಾಲಿ!”

ಶಾರದೆ ಇಳಿದಳು. “ಸಾಹೇಬ್ರೇ, ಒಂದು ಜಟಕಾ ಕರೆಸ್ತೀರಾ? ಬಸ್ ಸ್ಟ್ಯಾಂಡಿಗೆ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಆಗ್ಲೇ ಒಂದೂವರೆ ಗಂಟೆ ಪ್ರಯಾಣ ಮಾಡಿದೀರಿ. ಸುಧಾರಿಸ್ಕೊಂಡು ಬನ್ನಿ” ಎಂದಳು.

ಡಬ್ಬದಲ್ಲಿ ಪೆಟ್ರೋಲು ತರಿಸಿ ಹುಯ್ದೆ. ಸಾಹೇಬರ ಪಾದವನ್ನೇ ಮತ್ತೊಮ್ಮೆ ಬೇಡಿಕೊಂಡೆ. ಈ ಸಲ ಬೇಕೆಂದೇ ಬಿದ್ದರು. ಗಾಡಿ ಶುರುವಾಯಿತು. ಗುಬ್ಬಿಯವರೆಗೂ ಎಲ್ಲಿಯೂ ನಿಲ್ಲಿಸಲಿಲ್ಲ. ಎಮ್ಮೆಗಳು ಅಡ್ಡ ಬಂದಾಗಲೂ ನಾನೇ ಹೊಲಕ್ಕಿಳಿದು ದಾರಿ ಬಿಟ್ಟೆ. ಹನ್ನೊಂದಕ್ಕೆ ಇನ್ನೂ ಕಾಲು ಗಂಟೆಯಿರುವಾಗ ನರಸಿಂಹನ ಮನೆಯ ಮಾವಿನ ತೋರಣದ ಮುಂದೆ ಬಂದು, ದೊಡ್ಡ ಅಧಿಕಾರಿಯ ಗತ್ತಿನಲ್ಲಿ ಎಂಜಿನ್ನನ್ನು ನಿಲ್ಲಿಸಿದೆ.

ಒಳಗಿನಿಂದ ಮಗು ಕಿಟಾರನೆ ಕಿರುಚಿತು. ಅದರ ಹಿಂದೆಯೇ ನರಸಿಂಹ ಓಡಿಬಂದ.

“ಅಯ್ಯೋ ಭಾವ, ಯಾಕೆ ನಿಲ್ಲಿಸಿದ್ರಿ! ಶುರು ಮಾಡಿ, ಶುರು ಮಾಡಿ!”

ಮದುವೆಯಾದಂದಿನಿಂದ ಮಾವನ ಮನೆಯವರು ನನ್ನಿಂದ ಏನನ್ನಾದರೂ ಬಯಸಿದ್ದು ಅದೇ ಮೊದಲು. ಆದದ್ದು ಇಷ್ಟು: ಶಾರದೆ ಸಕಾಲಕ್ಕೆ ಬಂದಿದ್ದಳು. ಆದರೆ ಅವಳು ತೊಟ್ಟಿಲಿಗೆ ಹಾಕಲು ಹೋದಾಗಲೆಲ್ಲ ಮಗು ಬಿಲ್ಲಿನಂತೆ ಬಾಗಿ ಚೀರುತ್ತಿತ್ತು. ಮುದುಕಿಯರು, “ಕೈ ಬದಲಾಯಿಸಿ ನೋಡ್ರೇ, ಹೊತ್ತು ಮೀರತ್ತೆ” ಎನ್ನತೊಡಗಿದ್ದರು. ಕಮಲಕ್ಕ ಆಗಲೇ ಸೆರಗು ಸಿಕ್ಕಿಸಿ ಮುಂದೆ ಬಂದಿದ್ದಳು. ಅಷ್ಟರಲ್ಲಿ ದೂರದಿಂದ ನನ್ನ ಗಾಡಿಯ ಸದ್ದು ಕೇಳಿ ಮಗು ಥಟ್ಟನೆ ಸುಮ್ಮನಾಗಿದೆ! ಶಾರದೆ ತೊಟ್ಟಿಲಿಗೆ ಬಗ್ಗಿದ್ದಾಳೆ. ಆಗ ನಾನು ಗತ್ತಿನಿಂದ ನಿಲ್ಲಿಸಿದ್ದೇನೆ.

ಒದ್ದೆ. ಗುಳಕ್ ಕೂಡ ಇಲ್ಲ. ಮತ್ತೆ ಒದ್ದೆ. ಕೋಟು ಬಿಸಾಡಿ ಒದ್ದೆ. ಶಾರದೆ ಚೀರುವ ಮಗುವನ್ನೆತ್ತಿಕೊಂಡು ಜಗಲಿಗೆ ಬಂದಳು. ಅವಳ ಹಿಂದೆ ಇಡೀ ನೆಂಟರ ಬಳಗ. “ರೀ, ನಿಮ್ಮ ದಮ್ಮಯ್ಯ, ಇದೊಂದ್ಸಲ!” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಆಕಾಶಕ್ಕೆ ನೆಗೆದು, ಬಷೀರ್ ಸಾಹೇಬರನ್ನು ಮನಸ್ಸಿನಲ್ಲೇ ನೆನೆದು, ಮೈಭಾರವೆಲ್ಲ ಹಾಕಿ ಒದ್ದೆ. ಜರಿ ಪೇಟ ಹಾರಿ ಬಾಳೆಕಂದಿನ ಮೇಲೆ ಕೂತಿತು. ಕಚ್ಚೆ ಬಿಚ್ಚಿ ಬಾಲದಂತೆ ಜೋತುಬಿತ್ತು.

ಮಗು ಅಳು ನಿಲ್ಲಿಸಿತು. ನನ್ನನ್ನು ನೋಡಿತು. ಬೊಚ್ಚುಬಾಯಿ ತೆರೆದು ಕಿಲಕಿಲನೆ ನಕ್ಕಿತು!

ನಾನು ಅವಮಾನದಿಂದ ಕಚ್ಚೆ ಹಿಡಿದು ನಿಂತೆ. ಮಗುವಿನ ತುಟಿ ಮತ್ತೆ ಸೊಟ್ಟಗಾಯಿತು.

“ನಿಲ್ಲಿಸ್ಬೇಡಿ!” ಎಂದು ಶಾರದೆ ಕೂಗಿದಳು. “ಒದೀತಾ ಇರಿ! ನರಸಿಂಹಾ, ತೊಟ್ಲು ಹೊರಗೆ ತಾ!”

ಜಗಲಿಯ ಮೇಲೆ ತೊಟ್ಟಿಲು ಬಂತು. ನಾನು ನೆಗೆಯುತ್ತಿದ್ದೆ, ಮಗು ನಗುತ್ತಿತ್ತು. ನಗುತ್ತಿದ್ದ ಮಗುವನ್ನು ಶಾರದೆ ತೊಟ್ಟಿಲಲ್ಲಿ ಮಲಗಿಸಿ, ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ಹನ್ನೊಂದಕ್ಕೆ ಇನ್ನೂ ಮೂರು ನಿಮಿಷವಿತ್ತಂತೆ. ತಲೆಯೆತ್ತಿದಾಗ ಅವಳ ಮುಖದಲ್ಲಿದ್ದ ಗೆಲುವನ್ನು ಮೇಲೆ ಹೋಗುವಾಗ ಒಮ್ಮೆ, ಕೆಳಗೆ ಬರುವಾಗ ಒಮ್ಮೆ ನೋಡಿದೆ.

ಶಾಸ್ತ್ರ ಮುಗಿಯಿತು, ನನ್ನ ಕೆಲಸ ಮುಗಿಯಲಿಲ್ಲ. ನಿಂತರೆ ಮಗು ಅಳುತ್ತಿತ್ತು. ಅದು ನಿದ್ದೆ ಹೋಗುವವರೆಗೂ ಒದ್ದೆ. ಗಾಡಿ ಶುರುವಾಗಲೆಂದಲ್ಲ.

ಕಮಲಕ್ಕ ಮೆಟ್ಟಿಲಿಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಶಾರದಾ, ಮುಂದಿನ ತಿಂಗಳು ಕುಣಿಗಲ್ಲಲ್ಲಿ ನಮ್ಮ ಮೊಮ್ಮಗಳಿಗೂ ತೊಟ್ಲು ಶಾಸ್ತ್ರ ಇಟ್ಕೊಂಡಿದೀವಿ ಕಣೇ. ನಿಮ್ಮ ಯಜಮಾನ್ರನ್ನ ಒಂದಿನದ ಮಟ್ಟಿಗೆ ಕಳ್ಸಿಕೊಡು” ಎಂದಳು. “ಗಾಡಿ ತರೋ ಶ್ರಮ ಬೇಡ. ಒದೆಯೋಕೆ ನಮ್ಮನೇಲೇ ಏನಾದ್ರೂ ಕೊಡ್ತೀವಿ.”

ನಾನು ತಲೆಯಾಡಿಸಿ ಒಪ್ಪಿಕೊಂಡೆ. ಬೇಡವೆನ್ನಲು ಉಸಿರಿರಲಿಲ್ಲ!