ಹನ್ನೊಂದನೇ ಕಕ್ಷೆ ನಿಂತುಹೋದ ಸೋಮವಾರ

ಜ್ಯೋತಿರ್ವರ್ಷ ಎಂದರೆ ಒಮ್ಮೆಯೂ ಕರೆಂಟು ಹೋಗದ ವರ್ಷ ಎಂದು ನಾನು ಬಹಳ ಕಾಲ ನಂಬಿದ್ದೆ. ಯಾವುದೋ ನಕ್ಷತ್ರ ನಮ್ಮಿಂದ ನಾಲ್ಕು ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಓದಿದಾಗ, ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ನಂಬಿಕೊಂಡರೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ಮರುಗಿದ್ದೂ ಉಂಟು. (ನೀವು ನಗಬೇಡಿ. ನನ್ನನ್ನು ತಿದ್ದಿದವಳು ನನ್ನ ಹೆಂಡತಿ. ಅವಳು ನಕ್ಕಿದ್ದೇ ಈ ಜನ್ಮಕ್ಕೆ ಸಾಕು.)

ಇಂಥ ವಿಜ್ಞಾನವಿಶಾರದನಾದ ನಾನು ನಮ್ಮ ಕಚೇರಿಯಲ್ಲಿ ‘ಹನ್ನೊಂದನೇ ಕಕ್ಷೆ’ ಎಂಬ ಬಾಹ್ಯಾಕಾಶದ ಧಾರಾವಾಹಿಗೆ ಪರಮಭಕ್ತನೆಂದು ಹೆಸರಾಗಿದ್ದೆ. ಅದು ಭಕ್ತಿಯಲ್ಲ, ಹೊಟ್ಟೆಪಾಡು.

ನಾನು ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ಫೋನ್ ಎತ್ತುವವನು. ಎರಡು ಮಹಡಿಗಳ ನಡುವೆ ತ್ರಿಶಂಕುಗಳಾಗಿ ಸಿಕ್ಕಿಕೊಂಡವರು ಬೈಯಲು ಶುರುಮಾಡಿದರೆ, ಮೆಕ್ಯಾನಿಕ್ ಹೋಗಿ ತಲುಪುವವರೆಗೆ ಬೈಸಿಕೊಳ್ಳುವುದೇ ನನ್ನ ಉದ್ಯೋಗ. ಸೇರಿದಾಗ ಸಿಕ್ಕಿದ್ದು ರಾತ್ರಿ ಪಾಳಿ. ನಿದ್ದೆಯ ವಿಷಯದಲ್ಲಿ ನಾನು ಕೋಳಿಯ ಜಾತಿ. ಕತ್ತಲಾದರೆ ಕತ್ತು ಜೋತುಬೀಳುತ್ತದೆ. ಕೆಲಸ ಇವತ್ತು ಹೋಗುತ್ತದೋ ನಾಳೆ ಹೋಗುತ್ತದೋ ಎನ್ನುವಂತಿದ್ದಾಗ ನನ್ನನ್ನು ಕಾಪಾಡಿದವರು ನಮ್ಮ ಮ್ಯಾನೇಜರ್. ಅವರು ಕಾಲಿಟ್ಟರೆ ಎಂಥ ಲಿಫ್ಟೂ ಕಿರುಚಿಕೊಳ್ಳುವುದರಿಂದ ಅವರನ್ನು ನಾವು ಪ್ರೀತಿಯಿಂದ ‘ಓವರ್‌ಲೋಡ್’ ಎನ್ನುತ್ತೇವೆ. (ಅವರು ಪಕ್ಕದಲ್ಲಿ ಇಲ್ಲದಾಗ.)

ಓವರ್‌ಲೋಡ್ ಸಾಹೇಬರಿಗೆ ‘ಹನ್ನೊಂದನೇ ಕಕ್ಷೆ’ ಎಂದರೆ ಪ್ರಾಣ. ಆದರೆ ಅವರ ಅತ್ತೆ ಬಂದು ಮನೆಯಲ್ಲಿ ನೆಲೆಸಿದಾಗಿನಿಂದ ಶನಿವಾರ ಸಂಜೆ ಟಿವಿ ಆಕೆಯ ಕೈವಶ. ಆಕೆಗೆ ಕುಸ್ತಿ ನೋಡದಿದ್ದರೆ ಊಟ ಸೇರುವುದಿಲ್ಲ.

“ಏನಯ್ಯಾ, ನಿಮ್ಮನೇಲಿ ಹನ್ನೊಂದನೇ ಕಕ್ಷೆ ನೋಡ್ತೀರಾ?” ಎಂದು ಒಂದು ಬೆಳಿಗ್ಗೆ ಕೇಳಿದರು.

“ನೋಡದೆ ಇರ್ತೀವಾ ಸರ್? ಅದಿಲ್ದೆ ನಮಗೆ ವಾರಾನೇ ಮುಗಿಯಲ್ಲ” ಎಂದೆ. ನನ್ನ ಹೆಂಡತಿ ನೋಡುತ್ತಿದ್ದುದಂತೂ ನಿಜ.

“ಹಾಗಾದ್ರೆ ಹಗಲು ಪಾಳಿಗೆ ಬಂದ್ಬಿಡು. ಸೋಮವಾರ ಬಂದ ತಕ್ಷಣ ನಂಗೆ ಕಥೆ ಹೇಳ್ಬೇಕು. ಒಂದು ಅಕ್ಷರ ಬಿಡಬಾರ್ದು.”

ಹೀಗೆ ನನ್ನ ಹಗಲು ಪಾಳಿ ಒಂದು ಅಂತರಿಕ್ಷ ನೌಕೆಗೆ ಜೋತುಬಿತ್ತು. ಶನಿವಾರ ಹೆಂಡತಿ ಟಿವಿ ಮುಂದೆ ಕೂರುವಳು. ನಾನು ಪಕ್ಕದಲ್ಲೇ ಗೊರಕೆ ಹೊಡೆಯುವೆನು. ಭಾನುವಾರ ಅವಳು ನನ್ನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಾ ಕಥೆ ಹೇಳುವಳು. ಸೋಮವಾರ ನಾನು ಅದನ್ನು ಕೈಕಾಲು ಆಡಿಸಿ ಓವರ್‌ಲೋಡ್ ಸಾಹೇಬರಿಗೆ ಒಪ್ಪಿಸುವೆನು.

ಈಚೆಗಂತೂ ಕಥೆಗೆ ಹೊಸ ಕಳೆ ಬಂದಿತ್ತು. ನೌಕೆಗೆ ಒಬ್ಬ ಹೊಸ ಚಾಲಕ ಸೇರಿದ್ದ. ಮಹಾ ಸೋಂಬೇರಿ! ಉಂಡ ತಟ್ಟೆಯನ್ನು ಗುಂಡಿಗಳಿರುವ ಹಲಗೆಯ ಮೇಲೇ ಬಿಡುತ್ತಿದ್ದ. ಒದ್ದೆ ಟವೆಲನ್ನು ಕ್ಯಾಪ್ಟನ್ನಳ ಕುರ್ಚಿಯ ಮೇಲೆ ಒಗೆಯುತ್ತಿದ್ದ. ಏನು ಹೇಳಿದರೂ “ನಾಳೆ ಮಾಡ್ತೀನಿ ಬಿಡು” ಎನ್ನುತ್ತಿದ್ದ. ಗ್ರಹಕ್ಕೆ ಗ್ರಹ ಡಿಕ್ಕಿ ಹೊಡೆಯುವಾಗಲೂ ಮಗ್ಗುಲು ಬದಲಿಸಿ ಮಲಗುತ್ತಿದ್ದ.

“ಅಯ್ಯೋ ಇವನ ಮನೆ ಹಾಳಾಗ! ಇವನನ್ನ ಹೇಗಯ್ಯಾ ಸಹಿಸ್ತಾಳೆ ಆ ಕ್ಯಾಪ್ಟನ್ನು?” ಎಂದು ಸಾಹೇಬರು ಮೇಜು ಗುದ್ದುತ್ತಿದ್ದರು.

“ಇಂಥೋನನ್ನ ಬಾಗಿಲು ತೆಗೆದು ಶೂನ್ಯಕ್ಕೆ ನೂಕ್ಬೇಕು ಸರ್!” ಎಂದು ನಾನು ಅವರಿಗಿಂತ ಜೋರಾಗಿ ಕೂಗುತ್ತಿದ್ದೆ.

ಮನೆಗೆ ಬಂದು ಈ ತೀರ್ಪನ್ನು ಹೆಂಡತಿಗೂ ಹೇಳಿದೆ. ಅವಳು, “ಹೌದಾ? ನಿಮಗೂ ಹಾಗೇ ಅನ್ಸುತ್ತಾ?” ಎಂದಳು. ನಮ್ಮಿಬ್ಬರ ಅಭಿರುಚಿ ಒಂದೇ ಎಂದು ನಾನು ಹಿಗ್ಗಿದೆ.

ಹಿಗ್ಗಿ ಸುಮ್ಮನಿರಬೇಕಿತ್ತು. ಒಂದು ಭಾನುವಾರ ಕಥೆಯಲ್ಲಿ ಕ್ಯಾಪ್ಟನ್ನಳ ಕುರ್ಚಿಯ ಕಾಲು ಕಳಚಿಬಿತ್ತು. ಯಾವ ಅಂಟು, ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಹಗ್ಗ ಬಿಗಿದಿಡಬೇಕು ಎಂದು ಕಥೆ ಮುಂದೆ ಸಾಗಲೇ ಒಲ್ಲದು. ನನಗೆ ರೇಗಿತು.

“ಏನೇ ಇದು? ಇಡೀ ಕಂತು ಕುರ್ಚಿ ಕಾಲು ಅಂಟಿಸೋದ್ರಲ್ಲೇ ಹೋಯ್ತಾ? ಇದನ್ನ ಬರೆಯೋರ ತಲೇಲಿ ಬರೀ ಮಣ್ಣು ತುಂಬಿದೆ.”

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನಿಧಾನಕ್ಕೆ ನೆಟ್ಟಗೆ ನಿಲ್ಲಿಸಿದಳು. ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗ ಗಂಡನಾದವನು ಹೆದರಬೇಕು. ನಾನು ಅಂಗಿ ಹಾಕಿಕೊಂಡೆ.

ಮುಂದಿನ ಭಾನುವಾರ ಒಂದೇ ಮಾತು: “ಮುಗೀತು.”

“ಏನು ಮುಗೀತು?”

“ನಿಮ್ಮ ಹನ್ನೊಂದನೇ ಕಕ್ಷೆ. ಆ ಚಾಲಕನನ್ನ ಹೊರಗೆ ನೂಕಿದ್ರು. ನೌಕೆ ಮುಂದೆ ಹೋಯ್ತು. ಅಲ್ಲಿಗೆ ಮಂಗಳ ಹಾಡಿದ್ರು.”

“ಮತ್ತೆ ಮುಂದಿನ ವಾರ?”

“ಮುಂದಿನ ವಾರಾನೂ ಇಲ್ಲ, ಮುಂದಿನ ವರ್ಷಾನೂ ಇಲ್ಲ. ರದ್ದು.”

“ರದ್ದಾ! ನನ್ನ ಗತಿ ಏನೇ? ನೈಟ್ ಶಿಫ್ಟ್‌ಗೆ ಹಾಕ್ತಾರೆ ಕಣೇ!”

“ಬರೆಯೋರ ತಲೇಲಿ ಮಣ್ಣು ತುಂಬಿದ್ರೆ ಇನ್ನೇನಾಗುತ್ತೆ?” ಎಂದು ನನ್ನ ಅಂಗಿಯ ಕಾಲರನ್ನು ಬೇಕಾದ್ದಕ್ಕಿಂತ ಹೆಚ್ಚು ಒತ್ತಿದಳು.

ಸೋಮವಾರ ಸಾಹೇಬರಿಗೆ ಸಾವಿನ ಸುದ್ದಿ ಮುಟ್ಟಿಸುವವನಂತೆ ಮುಟ್ಟಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೋಯ್ತೇನಯ್ಯಾ?”

“ಹೋಯ್ತು ಸರ್.”

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು. “ಮೆಕ್ಯಾನಿಕ್‌ನ ಕಳಿಸು. ಎಲ್ಲರೂ ಪಾರಾಗ್ತಾರೆ, ನಾವೇ ಪಾಪಿಗಳು” ಎಂದರು ಸಾಹೇಬರು. ನಾನೂ ದುಃಖಪಡಲು ಶಕ್ತಿಮೀರಿ ಪ್ರಯತ್ನಿಸಿದೆ. ಕಣ್ಮುಂದೆ ಬಂದದ್ದು ನೌಕೆಯಲ್ಲ, ರಾತ್ರಿ ಪಾಳಿಯ ಗಟ್ಟಿ ಕುರ್ಚಿ. ಆಗ ನಿಜಕ್ಕೂ ಕಣ್ಣೀರು ಬಂತು. ಅದನ್ನು ಕಂಡು ಸಾಹೇಬರಿಗೆ ಆವೇಶ ಉಕ್ಕಿತು.

“ಅಳಬೇಡ! ನಾನು ಬಿಡಲ್ಲ. ಚಾನೆಲ್‌ನೋರಿಗೆ ಫೋನ್ ಮಾಡಿ ಜಾಡಿಸ್ತೀನಿ!”

ಮಾಡಿದರು. ಆರಂಭ ಗುಡುಗಿನಂತಿತ್ತು. ಆಮೇಲೆ “ಹಾಂ?” ಎಂದರು. ಮತ್ತೆ “ಯಾವಾಗ?” ಎಂದರು. ಫೋನ್ ಇಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸಂಜೆ ನಿಮ್ಮನೆಗೆ ಬರ್ತೀನಿ” ಎಂದಷ್ಟೇ ಹೇಳಿದರು.

ಬಂದರು. ಕುರ್ಚಿಯಲ್ಲಿ ಕೂತರು. ಕೂತ ವೇಗದಲ್ಲೇ ಎದ್ದರು. ಕುರ್ಚಿಯ ಮೇಲೆ ನನ್ನ ಒದ್ದೆ ಟವೆಲ್ ಇತ್ತು. ಅವರು ಟವೆಲ್ ನೋಡಿದರು. ಟೀಪಾಯಿಯ ಮೇಲಿದ್ದ ನನ್ನ ಬೆಳಗಿನ ತಟ್ಟೆ ನೋಡಿದರು. ಹೊಸದಾಗಿ ಅಂಟು ಹಚ್ಚಿದ ಕುರ್ಚಿಯ ಕಾಲನ್ನು ಬಗ್ಗಿ ನೋಡಿದರು.

“ನೋಡಮ್ಮಾ, ಆ ಧಾರಾವಾಹಿ ಹೋದ ವರ್ಷವೇ ನಿಂತೋಯ್ತಂತೆ” ಎಂದರು ಹೆಂಡತಿಗೆ.

“ಹೌದು ಸರ್. ಈಗ ಆ ಹೊತ್ತಿಗೆ ಮರದ ಸಾಮಾನು ರಿಪೇರಿ ಮಾಡೋದನ್ನ ತೋರಿಸ್ತಾರೆ. ಚೆನ್ನಾಗಿದೆ.”

“ಹಾಗಾದ್ರೆ ಆ ಚಾಲಕ?”

ಅವಳು ಗದ್ದದಿಂದ ನನ್ನ ಕಡೆಗೆ ತೋರಿಸಿದಳು.

ಸಾಹೇಬರು ನನ್ನನ್ನೂ ಟವೆಲನ್ನೂ ಇನ್ನೊಮ್ಮೆ ನೋಡಿದರು. ಆಮೇಲೆ ಅದೇ ಕುರ್ಚಿಗೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕರು. (ಅಂಟು ಗಟ್ಟಿಯಾಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.) “ವಾರವಾರ ನೀನೇ ಕೂಗ್ತಿದ್ದೆಯಲ್ಲೋ, ನೂಕಿ, ನೂಕಿ ಅಂತ!”

“ಸರ್, ನಿಮ್ಮ ದಮ್ಮಯ್ಯ, ನೈಟ್ ಶಿಫ್ಟ್‌ಗೆ ಮಾತ್ರ ಹಾಕ್ಬೇಡಿ...”

“ನಿನ್ನನ್ನಾ? ಗ್ರಹಕ್ಕೆ ಗ್ರಹ ಗುದ್ದಿದ್ರೂ ಏಳದೋನು, ರಾತ್ರಿ ಸಿಕ್ಕೊಂಡೋರ ಫೋನ್ ಎತ್ತೀಯಾ? ಬೆಳಗಾಗೋ ಹೊತ್ತಿಗೆ ಅವರು ಲಿಫ್ಟಲ್ಲೇ ಸಂಸಾರ ಹೂಡಿರ್ತಾರೆ. ಸತ್ತರೂ ನೀನು ಹಗಲು ಪಾಳಿಲೇ ಇರು.”

ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಇನ್ನು ಸೋಮವಾರದ ಕುಣಿತವೂ ಇಲ್ಲ, ರಾತ್ರಿಯ ಭಯವೂ ಇಲ್ಲ. ಸಾಹೇಬರು ಮಾತ್ರ ಹೊಸಿಲಲ್ಲಿ ಹಿಂದಿರುಗಿ ನೋಡಿ, “ಚಾನೆಲ್‌ನೋರದು ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲಮ್ಮಾ. ನಿಮ್ಮದು ನಿಂತಿದ್ದಕ್ಕೇ ಹೊಟ್ಟೆ ಉರಿಯುತ್ತೆ” ಎಂದು ನಿಟ್ಟುಸಿರಿಟ್ಟು ಹೋದರು. ಅವರ ಅಂಗಿಯ ಬೆನ್ನು ಇನ್ನೂ ಒದ್ದೆಯಾಗಿತ್ತು.

ಬಾಗಿಲು ಹಾಕಿದೆ. ನನ್ನ ಕಣ್ಣು ತುಂಬಿ ಬಂತು. ಒಂದು ವರ್ಷ! ವಾರಕ್ಕೊಂದು ಕಥೆ! ನನ್ನನ್ನು ರಾತ್ರಿ ಪಾಳಿಯಿಂದ ಉಳಿಸುವುದಕ್ಕಾಗಿ ಈ ಹೆಣ್ಣು ಒಬ್ಬಳೇ ಒಂದು ಬ್ರಹ್ಮಾಂಡವನ್ನು ಹೊತ್ತು ನಡೆಸಿದ್ದಳು. ಸ್ವರ ಮೆತ್ತಗೆ ಮಾಡಿಕೊಂಡು, ಮದುವೆಯಾದಾಗಿನಿಂದ ಕೇಳಲು ನಾಚಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ:

“ನಾನಂದ್ರೆ ನಿಂಗೆ ಅಷ್ಟೊಂದು ಪ್ರೀತಿನೇನೇ?”

“ಪ್ರೀತಿನೂ ಇಲ್ಲ, ಗೀತಿನೂ ಇಲ್ಲ. ನೈಟ್ ಶಿಫ್ಟ್ ಆದ್ರೆ ಹಗಲೆಲ್ಲಾ ಮನೇಲೇ ಇರ್ತೀರಲ್ರೀ!”